ಪಡಸಾಲೆಯ ಹೊತ್ತು: ಕಿರುತೆರೆಯ ದ್ವಂದ್ವಾರ್ಥ ಮತ್ತು ನೋಡುಗರ ದೂರು

(ಬಾಗಲಕೋಟೆಯ ನವನಗರದಲ್ಲಿ ಪಾಲಕರು ಹಾಗೂ ಪದವಿ ವಿದ್ಯಾರ್ಥಿನಿಯರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮಾನ್ಯರೆ,

ಮನೆಮಂದಿಯೆಲ್ಲ ಕೂತು ನೋಡುವ ಟಿ.ವಿ. ಕಾರ್ಯಕ್ರಮಗಳಲ್ಲಿ ಅಸಭ್ಯತೆ ಹೆಚ್ಚುತ್ತಿದೆ ಎಂಬ ಮಾತನ್ನು ನಾವೆಲ್ಲ ಕೇಳುತ್ತೇವೆ, ನಾವೂ ಆಡುತ್ತೇವೆ. ಆದರೆ ಆ ಮಾತು ಕಟ್ಟೆಯ ಮೇಲೆ, ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಹುಟ್ಟಿ ಅಲ್ಲಿಯೇ ಮುಗಿದುಹೋಗುತ್ತದೆ. ಕಾನೂನು ಪಾಠ ಮಾಡುವವಳು ಎಂಬ ಕಾರಣಕ್ಕೆ ಕೆಲವರು ತಾವು ಬರೆದ ದೂರುಗಳನ್ನು ನನಗೆ ತೋರಿಸುವುದುಂಟು. ‘ನಮ್ಮ ಸಂಸ್ಕೃತಿ ಹಾಳಾಗುತ್ತಿದೆ, ಕೂಡಲೇ ಕ್ರಮ ಕೈಗೊಳ್ಳಬೇಕು’ ಎಂಬ ಸಾಲು ಅವುಗಳಲ್ಲಿ ತಪ್ಪದೆ ಇರುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಮಾತು ಬಂತು, ಆಗ ಮುಂದೆ ಕೂತಿದ್ದವರು ಯಾರು ಎಂಬುದು ಮಾತ್ರ ಇರುವುದಿಲ್ಲ. ಸಂಸ್ಕೃತಿಯ ಹೆಸರಿನಲ್ಲಿ ಬರೆದ ದೂರಿಗೆ ವಾಹಿನಿಯವರು ಸಂಸ್ಕೃತಿಯ ಹೆಸರಿನಲ್ಲಿಯೇ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಹುದು. ಹೊತ್ತಿನ ಬಗ್ಗೆ ಬರೆದ ದೂರಿಗೆ ಹಾಗೆ ಉತ್ತರಿಸಲು ಬರುವುದಿಲ್ಲ. ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಇದೇ.

ನಮ್ಮ ಭಾಗದ ಮನೆಗಳಲ್ಲಿ ರಾತ್ರಿ ಏಳೂವರೆಯಿಂದ ಒಂಬತ್ತೂವರೆಯವರೆಗಿನದು ಪಡಸಾಲೆಯ ಹೊತ್ತು. ರೊಟ್ಟಿ ಬಡಿಯುವ ಸಪ್ಪಳ ನಿಂತಿರುತ್ತದೆ. ಹೊಲದಿಂದಲೋ ಅಂಗಡಿಯಿಂದಲೋ ಬಂದವರು ಕೈಕಾಲು ತೊಳೆದುಕೊಂಡು ತಾಟಿನ ಮುಂದೆ ಕೂತಿರುತ್ತಾರೆ. ಮಕ್ಕಳ ತೊಡೆಯ ಮೇಲೆ ಪುಸ್ತಕ, ಕಣ್ಣು ಟಿ.ವಿ.ಯ ಮೇಲೆ. ಅಂಥ ಹೊತ್ತಿನಲ್ಲಿ ಒಂದು ಹಾಸ್ಯ ಕಾರ್ಯಕ್ರಮ ಶುರುವಾಗುತ್ತದೆ ಎಂದಿಟ್ಟುಕೊಳ್ಳಿ. ಗಂಡ ಊರಿಗೆ ಹೋಗಿದ್ದಾನೆ, ಮನೆಯ ನಳ ಕೆಟ್ಟಿದೆ, ದುರಸ್ತಿಗೆ ಪಕ್ಕದ ಮನೆಯವನು ಬಂದಿದ್ದಾನೆ. ಮುಂದಿನ ಸಂಭಾಷಣೆ ಎಂಥದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ವೇದಿಕೆಯ ಮೇಲೆ ಒಂದು ಮಾತು ಬೀಳುತ್ತದೆ, ತೀರ್ಪುಗಾರರು ಮೇಜು ಬಡಿದು ನಗುತ್ತಾರೆ, ಅದೇ ನಗುವನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸುತ್ತಾರೆ, ಹಿನ್ನೆಲೆಯಲ್ಲಿ ಒಂದು ಪೀಪಿಯ ಸದ್ದು ಸೇರಿಸಿ ಮೂರನೆಯ ಸಲ ತೋರಿಸುತ್ತಾರೆ. ಪಡಸಾಲೆಯಲ್ಲಿ ಮಗು ಕೇಳುತ್ತದೆ: “ಆಯಿ, ನಳಾ ರಿಪೇರಿ ಮಾಡಾಕ ಬಂದ್ರ ಯಾಕ ಹಂಗ ನಗ್ತಾರ?” ಆಯಿಗೆ ಹಾಲಿಗೆ ಹೆಪ್ಪು ಹಾಕುವುದು ಆಗಲೇ ನೆನಪಾಗುತ್ತದೆ. ಸೊಸೆ ತಾಟನ್ನೇ ನೋಡುತ್ತಾಳೆ. ಮಗ ಮೊಬೈಲ್ ಎತ್ತಿಕೊಳ್ಳುತ್ತಾನೆ.

ಇಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆ ಮಾತು ಅರ್ಥವಾಗದೆ ಉಳಿದದ್ದು ಮಗುವಿಗೆ ಮಾತ್ರ. ಉಳಿದ ಮೂವರಿಗೂ ಅರ್ಥವಾಗಿದೆ, ಮತ್ತೊಬ್ಬರಿಗೆ ಅರ್ಥವಾಗಿದೆ ಎಂಬುದೂ ಗೊತ್ತಾಗಿದೆ. ಒಬ್ಬೊಬ್ಬರೇ ಕೂತು ನೋಡಿದ್ದರೆ ಅವರಲ್ಲಿ ಇಬ್ಬರಾದರೂ ನಗುತ್ತಿದ್ದರೋ ಏನೋ. ಅತ್ತೆಯ ಮುಂದೆ ಸೊಸೆ, ಮಗನ ಮುಂದೆ ತಾಯಿ ಎಂಬ ಆ ಸಂಬಂಧಗಳ ನಡುವೆ ಮಾತು ಬಂದು ಬಿದ್ದದ್ದರಿಂದ ಮುಜುಗರ ಹುಟ್ಟಿತು. ವಾಹಿನಿಯವರು ಈ ಮುಜುಗರವನ್ನು ಮಡಿವಂತಿಕೆ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಒಂದೇ ಮಾತು ಒಂದು ಕಡೆ ಸಲ್ಲುತ್ತದೆ, ಇನ್ನೊಂದು ಕಡೆ ಸಲ್ಲುವುದಿಲ್ಲ ಎಂಬ ತಿಳಿವಳಿಕೆ ಅದು. ಅದು ಇಲ್ಲದ ಸಮಾಜ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಈ ಮಾತಿಗೆ ನಮ್ಮ ಊರುಗಳಲ್ಲಿಯೇ ಒಂದು ತಕರಾರು ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಪೋಲಿ ಮಾತು ನಮಗೆ ಟಿ.ವಿ. ಕಲಿಸಿದ್ದೇ? ಬಾಗಲಕೋಟೆಯ ಹೋಳಿಯನ್ನು ಕಂಡವರು ಈ ಪ್ರಶ್ನೆಗೆ ಹೌದು ಎನ್ನಲಾರರು. ಹಲಗೆಯ ಮುಂದೆ, ಕಾಮಣ್ಣನ ಹೆಸರಿನಲ್ಲಿ, ಬಾಯಿ ಬಡಿದುಕೊಳ್ಳುತ್ತ ಆಡುವ ಮಾತುಗಳನ್ನು ಯಾವ ವಾಹಿನಿಯೂ ಪ್ರಸಾರ ಮಾಡಲಾರದು. ಬೆಳಗಾವಿ ಸೀಮೆಯ ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೃಷ್ಣ ಪಾರಿಜಾತ ಬಯಲಾಟದಲ್ಲಿ ಗೊಲ್ಲತಿಯ ಪ್ರಸಂಗ ಬಂದಾಗ ಜನ ಎದ್ದು ಕೂರುತ್ತಾರೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಡೇರೆ ಹಾಕುವ ನಾಟಕ ಕಂಪನಿಗಳ ಹಾಸ್ಯಪಾತ್ರಧಾರಿ ಸಭ್ಯತೆಯ ಗೆರೆಯ ಮೇಲೆಯೇ ನಡೆಯುತ್ತಾನೆ, ಆಗಾಗ ಆಚೆಗೂ ಕಾಲಿಡುತ್ತಾನೆ. ಡಬಲ್ ಮೀನಿಂಗ್ ಹೆಚ್ಚಾಯಿತು ಎಂಬ ದೂರು ಕಂಪನಿ ನಾಟಕಗಳ ಮೇಲೂ ಇದೆ.

ಆದರೆ ಹೋಳಿಯ ಮಾತನ್ನು ರಂಗಪಂಚಮಿ ದಾಟಿದ ಮೇಲೆ ಯಾರಾದರೂ ಓಣಿಯಲ್ಲಿ ಆಡಿ ನೋಡಲಿ. ಹಲಗೆ ಗೋಡೆಗೆ ತೂಗಿದಾಗ ಆ ಮಾತಿಗೂ ಬೀಗ ಬೀಳುತ್ತದೆ. ಪಾರಿಜಾತ ನಡೆಯುವುದು ರಾತ್ರಿಯಿಡೀ. ರಾತ್ರಿ ಏರಿದಂತೆ ಚಿಕ್ಕ ಮಕ್ಕಳು ತಾಯಂದಿರ ಮಡಿಲಲ್ಲಿ ನಿದ್ದೆಹೋಗುತ್ತಾರೆ. ಅಷ್ಟೇ ಅಲ್ಲ, ಅಲ್ಲಿ ಗೊಲ್ಲತಿ ಮಾತಿಗೆ ಮಾತು ಕೊಡುತ್ತಾಳೆ, ಪೆಟ್ಟಾಗುವುದು ಹೆಚ್ಚಾಗಿ ಎದುರಿನ ಗಂಡಸಿಗೆ. ಕಂಪನಿ ನಾಟಕಕ್ಕೆ ಟಿಕೆಟ್ ಕೊಂಡು ಹೋಗಬೇಕು, ನಾಟಕದ ಹೆಸರು ನೋಡಿದರೆ ಒಳಗೇನಿದೆ ಎಂದು ಊಹಿಸಬಹುದು. ಎಂದರೆ ಈ ಮೂರಕ್ಕೂ ದಿನವೋ ಜಾವವೋ ಬಾಗಿಲೋ ಇದೆ. ಟಿ.ವಿ. ಈ ಯಾವುದೂ ಇಲ್ಲದೆ ಆ ಮಾತನ್ನು ತಂದು ತಾಟಿನ ಪಕ್ಕದಲ್ಲಿ ಇಡುತ್ತದೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಗಂಡಸರು ಹೆಣ್ಣುವೇಷ ಹಾಕುವುದು ನಮ್ಮ ರಂಗಭೂಮಿಗೆ ಹೊಸದಲ್ಲ, ಸೀರೆ ಉಟ್ಟವನು ನಿಜವಾದ ರಾಣಿಯೇ ಎಂಬಂತೆ ಜನ ನೋಡಿದ್ದಾರೆ, ಹೆಣ್ಣುವೇಷ ಎಂದರೆ ಎದೆಗೆ ಬಟ್ಟೆ ತುರುಕಿಕೊಂಡು ಅದನ್ನೇ ಹಾಸ್ಯ ಮಾಡಿಸಿಕೊಳ್ಳುವುದು ಎಂಬ ಮಟ್ಟಕ್ಕೆ ಅದು ಇಳಿದದ್ದನ್ನು ಜಾನಪದದ ಹೆಸರಿನಲ್ಲಿ ಸಮರ್ಥಿಸಲು ಬರುವುದಿಲ್ಲ.

ಎರಡನೆಯ ತಕರಾರು ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ: “ಬ್ಯಾಡಾದ್ರ ಚಾನಲ್ ಬದಲಿ ಮಾಡ್ರೀ, ರಿಮೋಟ್ ನಿಮ್ಮ ಕೈಯಾಗ ಐತಲ್ಲ.” ಕೇಳಲು ಸರಿಯೆನಿಸುತ್ತದೆ. ಆದರೆ ಮಾತು ಬಿದ್ದ ಮೇಲೆ ಬದಲಿಸಿದ ವಾಹಿನಿಯಿಂದ ಏನು ಪ್ರಯೋಜನ? ಒಮ್ಮೆಲೇ ಬದಲಿಸಿದರೆ ಅಲ್ಲಿ ಏನೋ ಇತ್ತು ಎಂದು ಮಗುವಿಗೆ ನಾವೇ ಹೇಳಿಕೊಟ್ಟಂತಾಗುತ್ತದೆ. ಪ್ರೋಮೊಗಳ ಕಥೆ ಇದಕ್ಕಿಂತ ಬಿಗಿಯಾದದ್ದು. ಕಾರ್ಯಕ್ರಮ ರಾತ್ರಿ ಒಂಬತ್ತಕ್ಕೆ ಇರಬಹುದು. ಅದರ ಅತ್ಯಂತ ಖಾರವಾದ ಮೂವತ್ತು ಸೆಕೆಂಡುಗಳನ್ನು ಕತ್ತರಿಸಿ ಸಂಜೆಯ ಪೌರಾಣಿಕ ಧಾರಾವಾಹಿಯ ನಡುವೆ ತೂರಿಸಿದರೆ ಯಾವ ರಿಮೋಟ್ ಏನು ಮಾಡೀತು? ಸೆಟ್‌ಟಾಪ್ ಬಾಕ್ಸಿನಲ್ಲಿ ಮಕ್ಕಳ ಲಾಕ್ ಇದೆಯಲ್ಲ ಎನ್ನುವವರಿದ್ದಾರೆ. ನಮ್ಮ ಮನೆಗಳಲ್ಲಿ ಅದನ್ನು ಬಳಸಿದರೆ ಬಹುಮಟ್ಟಿಗೆ ಇಡೀ ವಾಹಿನಿಯೇ ಮುಚ್ಚುತ್ತದೆ, ಆಯಿಯ ಧಾರಾವಾಹಿಯೂ ಅದರೊಂದಿಗೆ ಹೋಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ, 2019ರಲ್ಲಿ ಜಾರಿಗೆ ಬಂದ ದರಪದ್ಧತಿಯ ಪ್ರಕಾರ ಬೇಕಾದ ವಾಹಿನಿಯನ್ನಷ್ಟೇ ಆರಿಸಿ ಹಣ ಕೊಡಬಹುದು ನಿಜ, ಆದರೆ ಒಂದು ಕಾರ್ಯಕ್ರಮ ಬೇಡವೆಂದು ವಾಹಿನಿಯನ್ನೇ ತೆಗೆಸು ಎನ್ನುವುದು ಪರಿಹಾರವೆಂದು ನನಗೆ ಅನಿಸುವುದಿಲ್ಲ. ಕೇಬಲ್‌ನವರನ್ನು ಕೇಳಿದರೆ “ನಾವು ಬರೇ ಸಿಗ್ನಲ್ ಕೊಡೋರ್ರೀ ಅಕ್ಕಾರ” ಎನ್ನುತ್ತಾರೆ, ಅದೂ ಸುಳ್ಳಲ್ಲ.

ಹಾಗಾದರೆ ಕಾನೂನು ಏನನ್ನುತ್ತದೆ? ಸಿನಿಮಾಕ್ಕೆ ಇರುವಂತೆ ಧಾರಾವಾಹಿ, ಹಾಸ್ಯ, ರಿಯಾಲಿಟಿ ಕಾರ್ಯಕ್ರಮಗಳಿಗೆ ಮುಂಚಿತವಾಗಿ ಪ್ರಮಾಣಪತ್ರ ಕೊಡುವ ಮಂಡಳಿ ನಮ್ಮಲ್ಲಿಲ್ಲ. ಪ್ರಸಾರವಾದ ಮೇಲೆ ದೂರು ಬಂದರೆ ನೋಡುವ ವ್ಯವಸ್ಥೆ ಮಾತ್ರ ಇದೆ. ಆದ್ದರಿಂದಲೇ ದೂರಿಗೆ ಇಲ್ಲಿ ಅಷ್ಟು ಮಹತ್ವ. 1995ರ ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯ್ದೆಯ ಅಡಿಯಲ್ಲಿ ನಡೆಯುವ, ಆದರೆ ಅದಕ್ಕೂ ಮುಂಚಿನ ಸುಗ್ರೀವಾಜ್ಞೆಯ ಕಾಲದಲ್ಲಿ ಬಂದ, 1994ರ ನಿಯಮಗಳ 6ನೆಯ ನಿಯಮವನ್ನು ಕಾರ್ಯಕ್ರಮ ಸಂಹಿತೆ ಎಂದು ಕರೆಯುತ್ತಾರೆ. ಸದಭಿರುಚಿಗೆ, ಸಭ್ಯತೆಗೆ ಧಕ್ಕೆ ತರುವಂಥದ್ದು ಬರಕೂಡದು ಎಂದು ಅದು ಆರಂಭವಾಗುತ್ತದೆ. ಇದು ಬಹಳ ಸಡಿಲವಾದ ಮಾತು, ಇದನ್ನೇ ನೆಚ್ಚಿಕೊಂಡ ದೂರು ಹೆಚ್ಚು ದೂರ ಹೋಗದು. ಹೆಣ್ಣಿನ ದೇಹವನ್ನು ಅವಮಾನಕರವಾಗಿ ತೋರಿಸುವುದನ್ನು ನಿಷೇಧಿಸುವ ಉಪನಿಯಮ ಅದಕ್ಕಿಂತ ಗಟ್ಟಿಯಾದದ್ದು. ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು 6ನೆಯ ನಿಯಮದ 5ನೆಯ ಉಪನಿಯಮ: ಅತಿ ಹೆಚ್ಚು ಮಕ್ಕಳು ನೋಡುತ್ತಿರುವ ಹೊತ್ತಿನಲ್ಲಿ ಮಕ್ಕಳಿಗೆ ತಕ್ಕುದಲ್ಲದ ಕಾರ್ಯಕ್ರಮ ಬರಕೂಡದು. ನಾನು ಆಗಿನಿಂದ ಹೊತ್ತು ಹೊತ್ತು ಎನ್ನುತ್ತಿರುವುದು ನನ್ನ ಕಲ್ಪನೆಯಲ್ಲ, ನಿಯಮದ ಪುಸ್ತಕದಲ್ಲಿ ಇರುವ ಮಾತೇ. ಪ್ರಸಾರಕರ ಒಕ್ಕೂಟ ತಾನೇ ಬರೆದುಕೊಂಡ ಸಂಹಿತೆಯಲ್ಲಿಯೂ ರಾತ್ರಿ 11ರಿಂದ ಬೆಳಗಿನ 5ರವರೆಗೆ ದೊಡ್ಡವರ ಕಾರ್ಯಕ್ರಮಗಳ ಹೊತ್ತು ಎಂದು ವಿಂಗಡಿಸಲಾಗಿದೆ. 2010ರ ನವೆಂಬರ್‌ನಲ್ಲಿ ಎರಡು ಹಿಂದಿ ರಿಯಾಲಿಟಿ ಕಾರ್ಯಕ್ರಮಗಳನ್ನು ರಾತ್ರಿ 11ರ ನಂತರಕ್ಕೆ ದೂಡಬೇಕೆಂದು ಕೇಂದ್ರ ಸರ್ಕಾರ ಆದೇಶಿಸಿತ್ತು. ಅದು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಕಾರ್ಯಕ್ರಮವನ್ನೇ ನಿಲ್ಲಿಸಿ ಎನ್ನದೆ ಹೊತ್ತು ಬದಲಿಸಿ ಎಂದದ್ದನ್ನು ನಾವು ಗಮನಿಸಬೇಕು.

ನೋಡುಗರು ಒತ್ತಾಯಿಸಿದಾಗ ಬದಲಾವಣೆ ಆಗಿರುವುದಕ್ಕೂ ಉದಾಹರಣೆಗಳಿವೆ. ಮುಂಬಯಿಯ ಅಧ್ಯಾಪಕಿ ಪ್ರತಿಭಾ ನೈಥಾನಿ ಅವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಬಾಂಬೆ ಹೈಕೋರ್ಟ್ ನೀಡಿದ ಆದೇಶಗಳಿಂದಾಗಿ ‘ಎ’ ಪ್ರಮಾಣಪತ್ರದ ಚಿತ್ರಗಳು ಕೇಬಲ್‌ನಲ್ಲಿ ಹಾಗೆಯೇ ಬರುವುದು ನಿಂತಿತು. ಗಂಡಸರ ಸುಗಂಧದ್ರವ್ಯದ ಜಾಹೀರಾತುಗಳ ಬಗ್ಗೆ 2011ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಜಾಹೀರಾತು ಮಾನದಂಡ ಮಂಡಳಿಗೆ ಸೂಚಿಸಿ, ಅವನ್ನು ತಿದ್ದುವಂತೆ ಇಲ್ಲವೇ ಹಿಂದಕ್ಕೆ ಪಡೆಯುವಂತೆ ಕೇಳಿತು. ನೃತ್ಯ ರಿಯಾಲಿಟಿ ಕಾರ್ಯಕ್ರಮಗಳಲ್ಲಿ ಪುಟ್ಟ ಮಕ್ಕಳಿಂದ ದೊಡ್ಡವರ ಸಿನಿಮಾ ಹೆಜ್ಜೆಗಳನ್ನು ಹಾಕಿಸುವುದರ ವಿರುದ್ಧ 2019ರ ಜೂನ್‌ನಲ್ಲಿ ಅದೇ ಸಚಿವಾಲಯ ಎಲ್ಲ ಖಾಸಗಿ ವಾಹಿನಿಗಳಿಗೆ ಸಲಹಾಪತ್ರ ಕಳಿಸಿತು. ಸಲಹಾಪತ್ರಕ್ಕೆ ಎಷ್ಟು ಹಲ್ಲಿದೆ ಎಂಬುದು ಬೇರೆ ಪ್ರಶ್ನೆ. ನಮ್ಮ ಓಣಿಯ ಗ್ಯಾದರಿಂಗ್‌ಗಳಲ್ಲಿ ಮಕ್ಕಳು ಯಾವ ಹಾಡಿಗೆ ಕುಣಿಯುತ್ತಾರೆ, ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವವರು ಯಾರು ಎಂಬುದನ್ನು ನೋಡಿದರೆ ದೂರು ಬರೆಯುವ ಕೈ ಸ್ವಲ್ಪ ತಡೆಯುತ್ತದೆ.

ಈಗ ದೂರಿನ ದಾರಿ. 2021ರ ಜೂನ್‌ನಲ್ಲಿ ಕೇಬಲ್ ನಿಯಮಗಳಿಗೆ ತಿದ್ದುಪಡಿ ತಂದು ಮೂರು ಹಂತಗಳನ್ನು ಕಾನೂನಿನಲ್ಲಿಯೇ ಬರೆಯಲಾಗಿದೆ. ಮೊದಲು ವಾಹಿನಿಗೇ ಬರೆಯಬೇಕು. 24 ಗಂಟೆಯೊಳಗೆ ನಿಮ್ಮ ದೂರು ಮುಟ್ಟಿದೆ ಎಂಬ ಸ್ವೀಕೃತಿ ಬರಬೇಕು, 15 ದಿನದೊಳಗೆ ನಿರ್ಧಾರ ತಿಳಿಸಬೇಕು. ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಮತ್ತೆ 15 ದಿನದೊಳಗೆ ಆ ವಾಹಿನಿ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅದು 60 ದಿನದೊಳಗೆ ತೀರ್ಮಾನಿಸಬೇಕು. ಮನರಂಜನಾ ವಾಹಿನಿಗಳಿಗೆ ಅಂಥ ಸಂಸ್ಥೆ 2011ರಿಂದ ಇದೆ, ಬಿಸಿಸಿಸಿ (ಬ್ರಾಡ್‌ಕಾಸ್ಟಿಂಗ್ ಕಂಟೆಂಟ್ ಕಂಪ್ಲೇಂಟ್ಸ್ ಕೌನ್ಸಿಲ್) ಎಂದು ಅದನ್ನು ಕರೆಯುತ್ತಾರೆ, ನ್ಯಾಯಮೂರ್ತಿ ಎ.ಪಿ. ಷಾ ಅದರ ಮೊದಲ ಅಧ್ಯಕ್ಷರು. ಅಲ್ಲಿಯೂ ಸಮಾಧಾನವಾಗದಿದ್ದರೆ ಕೇಂದ್ರ ಸರ್ಕಾರ. ಸುದ್ದಿವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗಳೇ ಬೇರೆ. ಅನೈತಿಕ ಸಂಬಂಧದ ಕೊಲೆಯನ್ನು ನಟರಿಂದ ಮರುಸೃಷ್ಟಿ ಮಾಡಿಸಿ, ಕೊಲೆಗಿಂತ ಸಂಬಂಧವನ್ನೇ ಹೆಚ್ಚು ಹೊತ್ತು ತೋರಿಸುವ ಅಪರಾಧ ಕಾರ್ಯಕ್ರಮಗಳ ಬಗ್ಗೆ ನೀವು ಬರೆಯುವುದಾದರೆ ವಿಳಾಸವನ್ನು ನೋಡಿಕೊಂಡು ಬರೆಯಬೇಕು. ಜಾಹೀರಾತಿಗೆ ಈಗಷ್ಟೇ ಹೇಳಿದ ಮಾನದಂಡ ಮಂಡಳಿ.

ಬರೆಯುವ ರೀತಿಯನ್ನು ಒಂದು ಮಾದರಿಯಿಂದ ತೋರಿಸುತ್ತೇನೆ. ‘ನಿಮ್ಮ ಹಾಸ್ಯ ಕಾರ್ಯಕ್ರಮ ಅಶ್ಲೀಲವಾಗಿದೆ, ಕುಟುಂಬ ಸಮೇತ ನೋಡಲು ಆಗುವುದಿಲ್ಲ’ ಎಂಬುದು ಒಂದು ಬಗೆ. ಇನ್ನೊಂದು ಬಗೆ ಹೀಗಿರುತ್ತದೆ: ‘ಇಂಥ ದಿನ ರಾತ್ರಿ 8.40ರ ಸುಮಾರಿಗೆ ಪ್ರಸಾರವಾದ ಸಂಚಿಕೆಯಲ್ಲಿ, ನೋಡಲು ಹತ್ತು–ಹನ್ನೊಂದು ವರ್ಷದವನಂತಿರುವ ಬಾಲಕಲಾವಿದನ ಬಾಯಿಂದ ನೆರೆಮನೆಯ ಮಹಿಳೆಯ ದೇಹದ ಬಗ್ಗೆ ಈ ಮಾತನ್ನು ಆಡಿಸಲಾಗಿದೆ. ತೀರ್ಪುಗಾರರು ಅದನ್ನು ಮತ್ತೊಮ್ಮೆ ಹೇಳಿಸಿದ್ದಾರೆ. ಅದೇ ತುಣುಕು ಮರುದಿನ ಸಂಜೆ 6.30ರ ಧಾರಾವಾಹಿಯ ನಡುವೆ ಪ್ರೋಮೊ ಆಗಿ ಬಂದಿದೆ. ಇದು ಕಾರ್ಯಕ್ರಮ ಸಂಹಿತೆಯ 6(5)ನೆಯ ನಿಯಮಕ್ಕೆ ವಿರುದ್ಧ. ಪ್ರೋಮೊ ನಿಲ್ಲಿಸಬೇಕು, ಮರುಪ್ರಸಾರದಲ್ಲಿ ಆ ಭಾಗವನ್ನು ತೆಗೆಯಬೇಕು ಎಂದು ಕೋರುತ್ತೇನೆ.’ ಮೊದಲನೆಯದಕ್ಕೆ ‘ನಿಮ್ಮ ಅಭಿಪ್ರಾಯವನ್ನು ಗೌರವಿಸುತ್ತೇವೆ’ ಎಂಬ ಒಂದು ಸಾಲು ಸಾಕು. ಎರಡನೆಯದಕ್ಕೆ ಯಾರೋ ಒಬ್ಬರು ಆ ಸಂಚಿಕೆಯನ್ನು ತೆಗೆದು ನೋಡಲೇಬೇಕಾಗುತ್ತದೆ. ಪ್ರಸಾರವಾದದ್ದರ ದಾಖಲೆಯನ್ನು ವಾಹಿನಿ 90 ದಿನ ಇಟ್ಟುಕೊಂಡಿರಬೇಕು ಎಂಬ ಷರತ್ತೂ ಇರುವುದರಿಂದ ಬೇಗ ಬರೆದಷ್ಟು ಒಳ್ಳೆಯದು. ಆ ಕೀಳು ಮಾತನ್ನು ಕೈಯಾರೆ ಬರೆಯಲು ಸಂಕೋಚ ಎಂದು ಅನೇಕ ತಾಯಂದಿರು ಹೇಳುತ್ತಾರೆ. ಸಂಕೋಚವನ್ನು ಅರ್ಥಮಾಡಿಕೊಳ್ಳಬಲ್ಲೆ, ಆದರೆ ‘ಇತ್ಯಾದಿ’ ಎಂದು ಬರೆದರೆ ವಾಹಿನಿಗೆ ಅನುಕೂಲ. ಆಡಿದವರೇ ನಾಚಿಕೊಳ್ಳದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಲು ನಾವೇಕೆ ನಾಚಬೇಕು?

ದೂರು ಕೊಡುವವರೂ ತಮ್ಮನ್ನು ತಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನ ಬಳಿ ಬರುವ ದೂರುಗಳಲ್ಲಿ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ವಿಧವೆ ಮರುಮದುವೆಯಾದಳು, ಸೊಸೆ ಅತ್ತೆಗೆ ಎದುರುತ್ತರ ಕೊಟ್ಟಳು, ವಿಚ್ಛೇದನ ಪಡೆದವಳು ಸಹೋದ್ಯೋಗಿಯೊಂದಿಗೆ ಚಹಾ ಕುಡಿದಳು ಎಂಬುದನ್ನೂ ‘ಅಸಭ್ಯ’ದ ಪಟ್ಟಿಗೆ ಸೇರಿಸಿ ಬರೆಯುವವರಿದ್ದಾರೆ. ಋತುಚಕ್ರದ ಬಗ್ಗೆ, ಕೆಟ್ಟ ಸ್ಪರ್ಶದ ಬಗ್ಗೆ ಮಕ್ಕಳಿಗೆ ತಿಳಿಸುವ ಒಳ್ಳೆಯ ಸಂಚಿಕೆ ಬಂದರೂ ಮುಜುಗರವಾಯಿತು ಎನ್ನುತ್ತಾರೆ. ಮುಜುಗರವಾದದ್ದೆಲ್ಲ ಅಸಭ್ಯವಲ್ಲ. ಅಶ್ಲೀಲವನ್ನು ಅಳೆಯುವ ಹಳೆಯ ಇಂಗ್ಲಿಷ್ ಅಳತೆಗೋಲನ್ನು ಬದಿಗಿಟ್ಟು, ಇಡೀ ಸಂದರ್ಭವನ್ನೂ ಇಂದಿನ ಸಮಾಜದ ಮಾನದಂಡವನ್ನೂ ನೋಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ, ಅವೀಕ್ ಸರ್ಕಾರ್ ಪ್ರಕರಣದಲ್ಲಿ, ಹೇಳಿದೆ. ಗಂಡಹೆಂಡಿರು ಕೈಹಿಡಿದು ನಡೆದದ್ದಕ್ಕೆ ದೂರು ಕೊಟ್ಟರೆ, ನಾಳೆ ನಿಜವಾದ ದೂರಿನ ಬೆಲೆಯನ್ನು ನಾವೇ ತಗ್ಗಿಸಿದಂತೆ. ಪ್ರಸ್ತದ ಕೋಣೆಯ ಬಾಗಿಲನ್ನು ವಾರಗಟ್ಟಲೆ ಮುಚ್ಚದೆ ಎಳೆಯುವ ಧಾರಾವಾಹಿಯ ಬಗ್ಗೆ ಕೂಡ, ಪ್ರೀತಿ ತೋರಿಸಿದ್ದು ತಪ್ಪು ಎಂದು ಬರೆಯದೆ, ಕ್ಯಾಮೆರಾ ಯಾರನ್ನು ಎಷ್ಟು ಹೊತ್ತು ಹೇಗೆ ನೋಡಿತು ಎಂದು ಬರೆದರೆ ದೂರು ನಿಲ್ಲುತ್ತದೆ.

ಇನ್ನೊಂದು ಬಾಗಿಲು ನಮ್ಮ ಊರಿನಲ್ಲಿಯೇ ಇರಬೇಕಾದದ್ದು. ಕೇಬಲ್‌ನಲ್ಲಿ ಬರುವುದನ್ನು ಗಮನಿಸಲು ಜಿಲ್ಲಾ ಮಟ್ಟದ ಸಮಿತಿ ರಚಿಸಬೇಕೆಂದು ಕೇಂದ್ರ ಸರ್ಕಾರ ಬಹಳ ಹಿಂದೆಯೇ ರಾಜ್ಯಗಳಿಗೆ ತಿಳಿಸಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಪೊಲೀಸ್ ವರಿಷ್ಠರು, ಮಹಿಳಾ ಕಾಲೇಜೊಂದರ ಪ್ರಾಚಾರ್ಯರು, ಮಕ್ಕಳ ಹಾಗೂ ಮಹಿಳೆಯರ ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಸ್ಥೆಗಳ ಪ್ರತಿನಿಧಿಗಳು ಸದಸ್ಯರು. ಸ್ಥಳೀಯ ಕೇಬಲ್ ವಾಹಿನಿಗಳು ಹಾಕುವ ಹಾಡು, ಜಾಹೀರಾತು, ಜಾತ್ರೆಯ ರಸಮಂಜರಿಯ ವಿಡಿಯೊಗಳ ಮಟ್ಟಿಗಾದರೂ ಈ ಸಮಿತಿಯೇ ಹತ್ತಿರದ ದಾರಿ. ಜಿಲ್ಲೆಯಲ್ಲಿ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ, ಅದರ ಮುಂದೆ ಬಂದ ದೂರುಗಳೇನು ಎಂದು ಮಾಹಿತಿ ಹಕ್ಕಿನಡಿ ಕೇಳುವ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಇಲ್ಲಿ ಕೂತಿರುವ ವಿದ್ಯಾರ್ಥಿನಿಯರಲ್ಲಿ ಒಬ್ಬರಾದರೂ ಆ ಅರ್ಜಿ ಹಾಕಬಹುದು. ಕೇಬಲ್ ಕಾಯ್ದೆಯಲ್ಲಿದ್ದ ಜೈಲುಶಿಕ್ಷೆಯನ್ನು 2023ರ ಜನ ವಿಶ್ವಾಸ ಕಾಯ್ದೆ ತೆಗೆದುಹಾಕಿ ಎಚ್ಚರಿಕೆ, ಛೀಮಾರಿ, ದಂಡ ಮುಂತಾದವನ್ನು ಇಟ್ಟಿದೆ. ಇದರಿಂದ ಭಯ ಕಡಿಮೆಯಾಯಿತು ಎಂದು ಕೆಲವರು ಕೊರಗುತ್ತಾರೆ. ನನಗಂತೂ ಹಾಸ್ಯನಟನೊಬ್ಬನ ಮಾತಿಗಾಗಿ ಯಾರನ್ನಾದರೂ ಜೈಲಿಗೆ ಕಳಿಸುವ ಆಸೆ ಎಂದೂ ಇರಲಿಲ್ಲ.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬರು ಎದ್ದು, “ಮೇಡಂ, ಈಗ ಟಿ.ವಿ. ಯಾರ್ ನೋಡ್ತಾರ್ರೀ, ಎಲ್ಲಾ ಮೊಬೈಲ್‌ನ್ಯಾಗ ತುಣುಕು ತುಣುಕಾಗಿ ಬರತೈತಿ, ಅದಕ್ಕೇನ್ ಮಾಡೂದು?” ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದು. ಕೇಬಲ್ ನಿಯಮ ಮೊಬೈಲ್‌ಗೆ ಅನ್ವಯಿಸುವುದಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂಟರ್ನೆಟ್ ಮೂಲಕ ಸಿನಿಮಾ, ಸರಣಿಗಳನ್ನು ತೋರಿಸುವ ಒಟಿಟಿ ವೇದಿಕೆಗಳ ಮೇಲೆ ವಯಸ್ಸಿನ ಗುರುತು ಹಾಕಲೇಬೇಕೆಂದು ಹೇಳಿವೆ: ಏಳು, ಹದಿಮೂರು, ಹದಿನಾರು ದಾಟಿದವರಿಗೆ, ವಯಸ್ಕರಿಗೆ ಎಂದು. ಒಬ್ಬೊಬ್ಬರೇ ನೋಡುವ ಮೊಬೈಲ್‌ನಲ್ಲಿ ಇಂಥ ಗುರುತು ಕಾಣುತ್ತದೆ. ಮನೆಮಂದಿಯೆಲ್ಲ ನೋಡುವ ಎಂಟೂವರೆಯ ಹಾಸ್ಯಕ್ಕೆ ಅದು ಕಾಣುವುದಿಲ್ಲ. ಇದು ತಲೆಕೆಳಗಾದ ಏರ್ಪಾಡು ಎಂದು ನಾನು ಭಾವಿಸುತ್ತೇನೆ. ಮೊಬೈಲ್‌ಗೆ ಬರುವ ಅಂಥ ತುಣುಕುಗಳಲ್ಲಿ ಹಲವಕ್ಕೆ ಮೂಲ ಟಿ.ವಿ.ಯ ಸಂಚಿಕೆಯೇ; ವಾಹಿನಿಗಳೇ ಅವನ್ನು ಕತ್ತರಿಸಿ ತಮ್ಮ ಪುಟಗಳಲ್ಲಿ ಹಾಕುತ್ತವೆ. ಹಾಗಾಗಿ ವಾಹಿನಿಗೆ ದೂರು ಬರೆಯುವಾಗ ಮೂಲ ಸಂಚಿಕೆಯ ದಿನಾಂಕದೊಂದಿಗೆ ಅವರ ಪುಟದಲ್ಲಿರುವ ತುಣುಕಿನ ಕೊಂಡಿಯನ್ನೂ ಸೇರಿಸಿ, ಎರಡನ್ನೂ ತೆಗೆಯಿರಿ ಎಂದು ಕೇಳಿರಿ. ಬೇರೆ ಯಾರೋ ಕದ್ದು ಹಾಕಿದ ತುಣುಕಾದರೆ ಆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಪ್ರತ್ಯೇಕವಾಗಿ ಬರೆಯಬೇಕಾಗುತ್ತದೆ. ಎರಡೂ ಪತ್ರಗಳನ್ನು ಕನ್ನಡದಲ್ಲಿಯೇ ಬರೆಯಿರಿ. ಕನ್ನಡದಲ್ಲಿ ಪ್ರಸಾರ ಮಾಡುವವರಿಗೆ ಕನ್ನಡದ ದೂರನ್ನು ಓದಲು ಬರುತ್ತದೆ.